ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ



ಕ್ರಿಸ್‌ಮಸ್ ರಜೆಯ ಪ್ರವಾಸಾನುಭವದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿದ್ದಾರೆ. ಸಾಮಾನ್ಯವಾಗಿ ನಾನು ಕ್ಯಾಮೆರಾದ ಹಿಂದೆ ಇರುವವಳು. ಬೇರೆಯವರು ಮಾತನಾಡುವಾಗ ಗಡಿಯಾರ ನೋಡಿಕೊಂಡು, 'ಇನ್ನೆರಡೇ ನಿಮಿಷ' ಎಂದು ಕೈಸನ್ನೆ ಮಾಡುವುದು ನನ್ನ ಉದ್ಯೋಗ. ಇಂದು ಆ ಸನ್ನೆ ನನಗೇ ಆಗಲಿದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

2019ರ ಡಿಸೆಂಬರಿನಲ್ಲಿ ನಾನು ಎರಡು ವಾರ ಲಂಡನ್ನಿನಲ್ಲಿದ್ದೆ. ನನ್ನ ಅಕ್ಕ ಅಲ್ಲಿ ಬಹಳ ವರ್ಷಗಳಿಂದ ದಾದಿಯಾಗಿದ್ದಾಳೆ. 'ಒಮ್ಮೆ ಕ್ರಿಸ್‌ಮಸ್ ಸಮಯಕ್ಕೆ ಬಾ, ದೀಪ ನೋಡುವಿಯಂತೆ' ಎಂದು ಅವಳು ಕರೆಯುತ್ತಲೇ ಇದ್ದಳು. ಆ ವರ್ಷ ಮಾರ್ಚಿಯಲ್ಲಿ ಭಾವ ತೀರಿಕೊಂಡಿದ್ದರು. ಮಕ್ಕಳಿಲ್ಲ. ಹೊರಡುವ ಮುನ್ನ ಮೈಸೂರಿನಲ್ಲಿ ಅಮ್ಮ ನನ್ನ ಕೈಗೆ ಚಟ್ನಿಪುಡಿಯ ಡಬ್ಬಿಯೊಂದಿಗೆ ಒಂದು ಪ್ರಶ್ನೆಯನ್ನೂ ಕೊಟ್ಟಿದ್ದರು: 'ಅವಳು ವಾಪಸು ಬರುತ್ತಾಳೋ ಇಲ್ಲವೋ ಕೇಳಿಕೊಂಡು ಬಾ.' ಚಟ್ನಿಪುಡಿಯನ್ನು ಮೊದಲ ದಿನವೇ ಕೊಟ್ಟೆ. ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು.

ಒಂದು ವಿಷಯ ಮೊದಲೇ ಒಪ್ಪಿಕೊಳ್ಳಬೇಕು. 2019ರ ಡಿಸೆಂಬರ್ 26ರಂದು ದಕ್ಷಿಣ ಭಾರತದಲ್ಲಿ ಕಂಕಣ ಸೂರ್ಯಗ್ರಹಣವಿತ್ತು. ಚಂದ್ರನು ಸೂರ್ಯಬಿಂಬದ ನಡುಭಾಗವನ್ನು ಮುಚ್ಚಿ, ಸುತ್ತ ಬೆಂಕಿಯ ಬಳೆಯೊಂದು ಉಳಿಯುವ ಆ ನೋಟಕ್ಕೆ ಮಂಗಳೂರು, ಕೊಡಗುಗಳಂಥ ಜಾಗಗಳು ಹೇಳಿ ಮಾಡಿಸಿದ್ದವು. ವಿಜ್ಞಾನ ಪದವೀಧರೆ, ಅದರಲ್ಲೂ ಟಿ.ವಿ. ನಿರ್ಮಾಪಕಿ, ಇಂಥ ದಿನ ಕ್ಯಾಮೆರಾದ ಪಕ್ಕದಲ್ಲಿರಬೇಕಲ್ಲವೇ? ನಾನು ವಿಮಾನದ ಟಿಕೆಟ್ ಕೊಂಡ ಮೇಲೆ ಪಂಚಾಂಗ ನೋಡಿದೆ. ನಮ್ಮ ಮನೆಯಲ್ಲಿ ಈಗಲೂ ಈ ವಿಷಯಕ್ಕೆ ನನ್ನನ್ನು ನೋಡಿ ನಗುತ್ತಾರೆ.

ಲಂಡನ್ನಿನಲ್ಲಿ ಇಳಿದವರಿಗೆ ಮೊದಲು ಕಾಣುವುದು ದೀಪವಲ್ಲ, ಕತ್ತಲೆ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ ನಾಲ್ಕು ಗಂಟೆಗೂ ಮುಂಚೆ. ಕಾಫಿ ಕುಡಿಯುವ ಹೊತ್ತಿಗೆ ಬೀದಿದೀಪ! ಹಗಲು ಎಂದರೆ ಎಂಟು ಗಂಟೆಯೂ ತುಂಬುವುದಿಲ್ಲ. ನಮ್ಮ ಮೈಸೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸಹ ಹನ್ನೊಂದು ಗಂಟೆಗಿಂತ ದೊಡ್ಡದು. ಕಾರಣ ನಿಮಗೆ ಗೊತ್ತು, ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಲಂಡನ್ನಿನ ಅಕ್ಷಾಂಶ ಸುಮಾರು 51.5 ಡಿಗ್ರಿ. ಅದನ್ನೂ 23.4ನ್ನೂ 90ರಿಂದ ಕಳೆಯಿರಿ. ಉಳಿಯುವುದು 15 ಡಿಗ್ರಿ ಚಿಲ್ಲರೆ. ಡಿಸೆಂಬರ್ ನಡುಗಾಲದಲ್ಲಿ ನಡುಮಧ್ಯಾಹ್ನದ ಸೂರ್ಯ ಅಲ್ಲಿ ಏರುವುದು ಅಷ್ಟೇ ಎತ್ತರ. ಅದೇ ಲೆಕ್ಕ ಮೈಸೂರಿಗೆ ಮಾಡಿದರೆ 54 ಡಿಗ್ರಿ ಬರುತ್ತದೆ. ಅಲ್ಲಿ ಹನ್ನೆರಡು ಗಂಟೆಗೂ ನಿಮ್ಮ ನೆರಳು ನಿಮಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಉದ್ದ! ನಾನು ರಸ್ತೆಯಲ್ಲಿ ನಿಂತು ನನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆದಾಗ ಅಕ್ಕ, 'ಇನ್ನೂ ಬಿ.ಎಸ್‌ಸಿ. ಮುಗಿದಿಲ್ಲವೇ ನಿನಗೆ?' ಎಂದಳು.

ಈ ಕತ್ತಲೆಯನ್ನು ಅನುಭವಿಸಿದ ಮೇಲೆಯೇ ಆ ದೀಪಗಳು ಏಕೆ ಎಂಬುದು ಅರ್ಥವಾಗುವುದು. ಚಳಿಗಾಲದ ನಟ್ಟನಡುವೆ ಬೆಂಕಿ ಹೊತ್ತಿಸಿ, ದೀಪ ಬೆಳಗಿ, ಉಂಡು ನಲಿಯುವ ಹಬ್ಬಗಳು ಯುರೋಪಿನಲ್ಲಿ ಕ್ರೈಸ್ತ ಧರ್ಮ ಬರುವುದಕ್ಕೂ ಮುಂಚಿನಿಂದ ಇದ್ದವು. ಕ್ರಿಸ್ತನ ಜನ್ಮೋತ್ಸವವೂ ಅದೇ ಕಾಲಕ್ಕೆ ಬಂದಿತು. ಹಬ್ಬದ ಅರ್ಥ ಬೇರೆಯಾಯಿತು, ಬೆಳಕಿನ ಬಯಕೆ ಹಾಗೇ ಉಳಿಯಿತು.

ರೀಜೆಂಟ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ ಈ ಅಲಂಕಾರ ಆರಂಭವಾದದ್ದು 1954ರಲ್ಲಿ, ಅದಕ್ಕೆ ಸೇರಿಕೊಂಡ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ 1959ರಲ್ಲಿ. ನಾನು ಹೋದ ವರ್ಷ ರೀಜೆಂಟ್ ಸ್ಟ್ರೀಟ್‌ನ ಆಕಾಶದಲ್ಲಿ ರೆಕ್ಕೆ ಬಿಚ್ಚಿದ ದೇವದೂತರ ಸಾಲು. ಎಲ್ಲವೂ ಎಲ್.ಇ.ಡಿ. ದೀಪಗಳ ನೇಯ್ಗೆ. ಕೆಳಗೆ ಜನವೋ ಜನ, ನಮ್ಮ ಜಂಬೂಸವಾರಿಯ ದಿನದ ಸಯ್ಯಾಜಿರಾವ್ ರಸ್ತೆಯ ಹಾಗೆ. ಕಡಲೆಕಾಯಿಯ ಬದಲು ಹುರಿದ ಚೆಸ್ಟ್‌ನಟ್ ಮಾರುತ್ತಿದ್ದರು. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ದಸರಾ ಕಾಲದಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳುವುದನ್ನು ನೋಡಿ ಬೆಳೆದವರನ್ನು ದೀಪ ತೋರಿಸಿ ಬೆರಗುಗೊಳಿಸುವುದು ಕಷ್ಟ.

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಗಣೇಶನ ಚಪ್ಪರಕ್ಕೆ ಸೀರಿಯಲ್ ಸೆಟ್ ಮಾಡುತ್ತಿದ್ದವಳು ಅಕ್ಕನೇ. ಟಾರ್ಚಿಗೆ ಹಾಕುವಂಥ 6 ವೋಲ್ಟಿನ ಬಲ್ಬುಗಳು, ಮೇಲೆ ಬಣ್ಣದ ಕಾಗದ. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ನಲವತ್ತು ಬಲ್ಬುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜ್ ಅವುಗಳಲ್ಲಿ ಹಂಚಿಹೋಗಿ, ಒಂದೊಂದರ ಪಾಲಿಗೆ ಆರಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಆದರೆ ವಿದ್ಯುತ್ ಹರಿಯಲು ಒಂದೇ ದಾರಿ. ನಲವತ್ತರಲ್ಲಿ ಒಂದು ಸುಟ್ಟರೆ ಮೂವತ್ತೊಂಬತ್ತೂ ಆರಿಹೋಗುತ್ತವೆ. ಸುಟ್ಟ ಆ ಒಂದನ್ನು ಹುಡುಕುವ ಕೆಲಸ ನನ್ನದು, ಬೈಸಿಕೊಳ್ಳುವ ಕೆಲಸವೂ ನನ್ನದೇ. (ನೀವು ಇದನ್ನು ಮನೆಯಲ್ಲಿ ಮಾಡಹೋಗಬೇಡಿ. ನಾವು ಬದುಕಿ ಉಳಿದದ್ದು ನಮ್ಮ ಜಾಣತನದಿಂದ ಅಲ್ಲ.)

ಈಗಿನ ಎಲ್.ಇ.ಡಿ.ಯ ಕಥೆ ಬೇರೆ. ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಡವಾಗಿ ಬೆಳಕು ಕೊಡುತ್ತಿತ್ತು. ಕೊಟ್ಟ ವಿದ್ಯುತ್ತಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತಿತ್ತು. ಎಲ್.ಇ.ಡಿ.ಯಲ್ಲಿ ಅರೆವಾಹಕದ ಎರಡು ಪದರಗಳು ಕೂಡುವಲ್ಲಿ ಇಲೆಕ್ಟ್ರಾನು ಮೇಲಿನ ಶಕ್ತಿಮಟ್ಟದಿಂದ ಕೆಳಗಿನದಕ್ಕೆ ಇಳಿಯುವಾಗ ಬೆಳಕಿನ ಕಣವೊಂದು ಹೊರಬೀಳುತ್ತದೆ. ಇಳಿಜಾರು ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ. ಕೆಂಪು, ಹಸಿರು ಮೊದಲೇ ಸಿಕ್ಕಿದ್ದವು. ನೀಲಿ ಬಹುಕಾಲ ಕೈಗೆಟುಕಲಿಲ್ಲ, ನೀಲಿಯಿಲ್ಲದೆ ಬಿಳಿ ಬೆಳಕೂ ಇಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಠಮಾರಿ ಹರಳನ್ನು ಪಳಗಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದಿತು. ಆ ದೇವದೂತರ ಬಿಳಿ ರೆಕ್ಕೆಗಳ ಕೆಳಗೆ ನಿಂತು ನಾನು ನೆನೆದದ್ದು ಈ ಮೂವರನ್ನು.

ಇದೇ ಊರಿನ ಸವಾಯ್ ರಂಗಮಂದಿರದಲ್ಲಿ 1881ರಲ್ಲಿ, ಇಡೀ ಕಟ್ಟಡವೇ ವಿದ್ಯುತ್ತಿನಿಂದ ಬೆಳಗಿದ್ದು ಆಗಿನ ಕಾಲದ ಮಹಾ ಸುದ್ದಿ. ಜೋಸೆಫ್ ಸ್ವಾನ್ ತಯಾರಿಸಿದ ಸಾವಿರಕ್ಕೂ ಹೆಚ್ಚು ಬಲ್ಬುಗಳು. ಗ್ಯಾಸ್ ದೀಪಕ್ಕೆ ಒಗ್ಗಿದ್ದ ಜನ ಬೆಂಕಿಗೆ ಹೆದರಿದ್ದರು. ಮಂದಿರದ ಒಡೆಯ ಡಾಯ್ಲಿ ಕಾರ್ಟ್ ವೇದಿಕೆಗೆ ಬಂದು, ಉರಿಯುತ್ತಿದ್ದ ಬಲ್ಬೊಂದನ್ನು ಎಲ್ಲರೆದುರು ಒಡೆದು ತೋರಿಸಿದ, ನೋಡಿ, ಏನೂ ಹೊತ್ತಿಕೊಳ್ಳಲಿಲ್ಲ ಎಂದು. ಮರು ವರ್ಷ, 1882ರ ಡಿಸೆಂಬರಿನಲ್ಲಿ, ನ್ಯೂಯಾರ್ಕ್‌ನಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ 80 ಬಣ್ಣದ ಬಲ್ಬುಗಳನ್ನು ಕಟ್ಟಿದ. ಅದಕ್ಕೂ ಮುಂಚೆ ಒಣಗಿದ ಮರದ ಮೇಲೆ ಮೇಣದ ಬತ್ತಿ ಹಚ್ಚಿಡುತ್ತಿದ್ದರು. ಪಕ್ಕದಲ್ಲಿ ಬಕೆಟ್ ತುಂಬ ನೀರು.

ಮರದ ಮಾತು ಬಂದದ್ದರಿಂದ ಟ್ರಫಾಲ್ಗರ್ ಚೌಕದ ಮರದ ಬಗ್ಗೆ ಹೇಳಬೇಕು. ರೀಜೆಂಟ್ ಸ್ಟ್ರೀಟ್‌ಗಿಂತ ನನಗೆ ಮೆಚ್ಚಿಕೆಯಾದದ್ದು ಇದು. ಇಪ್ಪತ್ತು ಮೀಟರಿಗೂ ಎತ್ತರದ ಒಂದು ಸ್ಪ್ರೂಸ್ ಮರ. ನಾರ್ವೆ ದೇಶದ ಆಸ್ಲೋ ನಗರದ ಸುತ್ತಲಿನ ಕಾಡಿನಿಂದ ಬರುತ್ತದೆ. 1940ರಲ್ಲಿ ಹಿಟ್ಲರನ ಸೈನ್ಯ ನಾರ್ವೆಯನ್ನು ಆಕ್ರಮಿಸಿದಾಗ ಅಲ್ಲಿನ ದೊರೆ ಏಳನೆಯ ಹಾಕನ್ ಮತ್ತು ಸರ್ಕಾರ ಲಂಡನ್ನಿಗೆ ಬಂದು, ಯುದ್ಧ ಮುಗಿಯುವವರೆಗೆ ಇಲ್ಲಿಂದಲೇ ಹೋರಾಟ ನಡೆಸಿದರು. ಆ ಉಪಕಾರದ ನೆನಪಿಗೆ ಆಸ್ಲೋ ನಗರದ ಜನ 1947ರಿಂದ ಪ್ರತಿವರ್ಷವೂ ಒಂದು ಮರ ಕಳುಹಿಸುತ್ತಾರೆ. ಅಲಂಕಾರ ಬಹಳ ಸರಳ, ನಾರ್ವೆಯ ಪದ್ಧತಿಯಂತೆ ಮೇಲಿನಿಂದ ಕೆಳಕ್ಕೆ ಇಳಿಬಿಟ್ಟ ಬಿಳಿ ದೀಪದ ಸಾಲು, ಅಷ್ಟೇ. 'ಇದೇನು, ಬಡಕಲು ಮರ' ಎಂದು ಲಂಡನ್ನಿನವರು ಗೊಣಗುವುದೂ ಉಂಟಂತೆ. ಜನವರಿ ಮೊದಲ ವಾರದಲ್ಲಿ ಅದನ್ನು ಇಳಿಸಿ, ಚೂರು ಮಾಡಿ, ಗಿಡಗಳಿಗೆ ಹೊದಿಕೆಯಾಗಿ ಹಾಕುತ್ತಾರೆ.

ಅದೇ ಸಂಜೆ, ಚೌಕದಿಂದ ಐದು ನಿಮಿಷದ ದೂರದಲ್ಲಿ, ಸ್ಟ್ರಾಂಡ್ ರಸ್ತೆಯ ಝಗಮಗಿಸುವ ಅಂಗಡಿಯೊಂದರ ಬಾಗಿಲಲ್ಲಿ ಒಬ್ಬಾತ ರಟ್ಟು ಹಾಸಿಕೊಂಡು ಮಲಗಿದ್ದ. ಇನ್ನೂ ಮುಂದೆ ಮತ್ತೊಬ್ಬ, ಜೊತೆಗೊಂದು ನಾಯಿ. ಕ್ರಿಸ್‌ಮಸ್ ವಾರದಲ್ಲಿ ಇಂಥವರಿಗೆ ಊಟ, ಹಾಸಿಗೆ, ವೈದ್ಯರ ನೆರವು ಕೊಡಲು ಸ್ವಯಂಸೇವಕರ ಕೇಂದ್ರಗಳು ತೆರೆಯುತ್ತವೆ ಎಂದು ಅಕ್ಕ ಹೇಳಿದಳು. ದೀಪದ ಚಿತ್ರ ತೆಗೆಯಲು ಹೊರಗೆ ತೆಗೆದಿದ್ದ ಫೋನನ್ನು ನಾನು ಒಳಗಿಟ್ಟೆ.

ಆಲ್ಬೆಮಾರ್ಲ್ ಸ್ಟ್ರೀಟ್‌ಗೆ ಹೋದದ್ದು ಕ್ರಿಸ್‌ಮಸ್‌ಗೆ ಕೆಲವು ದಿನ ಮುಂಚೆ. ಆ ರಸ್ತೆಯಲ್ಲಿ ಸಾಲುಕಂಬಗಳ ಒಂದು ಕಟ್ಟಡವಿದೆ, ರಾಯಲ್ ಇನ್‌ಸ್ಟಿಟ್ಯೂಷನ್. ಮಿತ್ರರೇ, ನಿಮ್ಮಲ್ಲಿ ವಿಜ್ಞಾನ ಓದುತ್ತಿರುವವರು ಯಾರಾದರೂ ಮುಂದೆ ಆ ಊರಿಗೆ ಹೋದರೆ, ಮೇಣದ ಗೊಂಬೆಗಳ ಮ್ಯೂಸಿಯಂ ಬಿಟ್ಟರೂ ಸರಿಯೇ, ಇದನ್ನು ಮಾತ್ರ ಬಿಡಬೇಡಿ. ಮೈಕೆಲ್ ಫ್ಯಾರಡೆ ಕೆಲಸ ಮಾಡಿದ ಜಾಗ ಇದು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಯಾರೋ ಕೊಟ್ಟ ಟಿಕೆಟ್ಟಿನಿಂದ ಇಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ. ಟಿಪ್ಪಣಿಗಳನ್ನು ತಾನೇ ಅಂದವಾಗಿ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ಇದೇ ಕಟ್ಟಡದಲ್ಲಿ ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದರಲ್ಲಿ ವಿದ್ಯುತ್ತು ಹರಿಯಲು ತೊಡಗಿದಾಗ ಮತ್ತು ನಿಂತಾಗ ಇನ್ನೊಂದರಲ್ಲೂ ವಿದ್ಯುತ್ತು ಮಿಂಚುವುದನ್ನು ಕಂಡ. ಶಿವನಸಮುದ್ರದಲ್ಲಿ 1902ರಲ್ಲಿ ಹೊರಟು ಕೋಲಾರದ ಚಿನ್ನದ ಗಣಿ ಮುಟ್ಟಿದ ವಿದ್ಯುತ್ತಿನಿಂದ ಹಿಡಿದು ಇಂದು ನಿಮ್ಮ ಮನೆಯ ಸ್ವಿಚ್ಚಿನವರೆಗೆ ಎಲ್ಲಕ್ಕೂ ಆ ತತ್ತ್ವವೇ ಮೂಲ. ಆ ಬಳೆಯನ್ನು ಇಟ್ಟಿದ್ದಾರೆ. ಅಂಗೈಯಗಲದ ವಸ್ತು. ಸುತ್ತಿದ ಬಟ್ಟೆ ಹಳದಿಗಟ್ಟಿದೆ. ನಾನು ಅದರ ಮುಂದೆ ಅರ್ಧ ಗಂಟೆ ನಿಂತೆ.

ಅಲ್ಲಿ ಮಕ್ಕಳಿಗೆಂದೇ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದದ್ದು 1825ರಲ್ಲಿ. ಫ್ಯಾರಡೆ ಒಬ್ಬನೇ 19 ವರ್ಷ ಈ ಮಾಲೆಯನ್ನು ನಡೆಸಿಕೊಟ್ಟ. ಅವುಗಳಲ್ಲಿ ಒಂದು ಮಾಲೆ ಪೂರ್ತಿ ಒಂದು ಮೇಣದ ಬತ್ತಿಯ ಮೇಲೆ! ಉರಿಯ ಒಳಗೆ ಏನಿದೆ, ಮೇಣ ಎಲ್ಲಿಗೆ ಹೋಯಿತು, ನಮ್ಮ ಉಸಿರಾಟಕ್ಕೂ ಬತ್ತಿಗೂ ಏನು ನಂಟು. ಎರಡನೆಯ ಮಹಾಯುದ್ಧದ ನಾಲ್ಕು ವರ್ಷ ಬಿಟ್ಟರೆ ಈ ಮಾಲೆ ನಿಂತಿಲ್ಲ. 1966ರಿಂದ ದೂರದರ್ಶನದಲ್ಲಿ ವರ್ಷವರ್ಷವೂ ಬರತೊಡಗಿತು. 1977ರಲ್ಲಿ ಕಾರ್ಲ್ ಸೇಗನ್ ಗ್ರಹಗಳ ಬಗ್ಗೆ ಮಾತನಾಡಿದ್ದು ಇಲ್ಲಿಯೇ. 2019ರ ಉಪನ್ಯಾಸಕಿ ಗಣಿತಜ್ಞೆ ಹ್ಯಾನಾ ಫ್ರೈ. ಧ್ವನಿಚಿತ್ರಣ ಮುಗಿದಿತ್ತು, ಪ್ರಸಾರ 26ರ ರಾತ್ರಿ. ನಮ್ಮ ಸ್ಟುಡಿಯೋದಲ್ಲಿ ವಿಜ್ಞಾನ ಕಾರ್ಯಕ್ರಮವೆಂದರೆ ಕೊನೆಯ ಗಳಿಗೆಯಲ್ಲಿ ಉಳಿದ ಸಮಯಕ್ಕೆ ಹಾಕುವ ವಸ್ತು ಎಂಬ ನೋವು ನನಗೆ ಬಹಳ ಕಾಲದಿಂದ ಇತ್ತು. ಹಬ್ಬದ ಮರುದಿನದ ರಾತ್ರಿಯ ಹೊತ್ತನ್ನು ಗಣಿತಕ್ಕೆ ಕೊಡುವ ಜನರನ್ನು ಕಂಡು ಹೊಟ್ಟೆಕಿಚ್ಚಾಯಿತು. ಆಗಬಾರದು, ಆಯಿತು.

ಇನ್ನು ಕ್ರಿಸ್‌ಮಸ್ ದಿನ. ಆ ದಿನ ಊರಿಡೀ ಗದ್ದಲವಿರುತ್ತದೆಂದು ನೀವು ಭಾವಿಸಿದ್ದರೆ, ನಾನೂ ಹಾಗೆಯೇ ಭಾವಿಸಿದ್ದೆ. ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಬಸ್ಸಿಲ್ಲ, ಸುರಂಗ ರೈಲಿಲ್ಲ, ಯಾವ ರೈಲೂ ಇಲ್ಲ. ದೊಡ್ಡ ಅಂಗಡಿಗಳು ಅಂದು ತೆರೆಯಬಾರದೆಂದು 2004ರ ಕಾನೂನೇ ಇದೆ. ಎಲ್ಲರೂ ಮನೆಯೊಳಗೆ. ಮಧ್ಯಾಹ್ನ ಮೂರಕ್ಕೆ ರಾಣಿಯ ಸಂದೇಶ. 1932ರಲ್ಲಿ ರೇಡಿಯೋದಲ್ಲಿ ಆರಂಭವಾಗಿ, 1957ರಲ್ಲಿ ಟಿ.ವಿ.ಗೆ ಬಂದ ಪದ್ಧತಿ. ಎರಡನೆಯ ಎಲಿಜಬೆತ್ ಆಗ ಇನ್ನೂ ಇದ್ದರು. ಹಿಮವೂ ಬೀಳಲಿಲ್ಲ. ಶುಭಾಶಯ ಪತ್ರಗಳಲ್ಲಿ ಕಾಣುವ ಹಿಮದ ಕ್ರಿಸ್‌ಮಸ್ ಆ ಊರಿಗೆ ಬಹಳ ಅಪರೂಪ.

ಅಕ್ಕನಿಗೆ ಅಂದು ರಾತ್ರಿಪಾಳಿ. ನಾನು ಸಿಟ್ಟಾಗಿದ್ದೆ. ಅಷ್ಟು ದೂರದಿಂದ ಬಂದಿದ್ದೇನೆ, ಒಂದು ರಾತ್ರಿ ರಜೆ ಸಿಗುವುದಿಲ್ಲವೇ? ಅವಳು ಉತ್ತರಿಸದೆ ಬೂಟು ಹಾಕಿಕೊಂಡಳು. ವಾಹನವಿಲ್ಲದ್ದರಿಂದ ಬ್ರಿಕ್ಸ್‌ಟನ್ನಿನ ಮನೆಯಿಂದ ನಡೆದೇ ಹೋಗಬೇಕು. ನಾನೂ ಹೊರಟೆ. ಎಂಟು ಗಂಟೆಯ ಪಾಳಿಗೆ ಆರೂವರೆಗೇ ಬಿಟ್ಟೆವು. ಅಷ್ಟು ದೊಡ್ಡ ರಸ್ತೆಯ ನಟ್ಟನಡುವೆ ಇಬ್ಬರೇ ನಡೆದೆವು. ಕಿಟಕಿ ಕಿಟಕಿಗಳಲ್ಲಿ ದೀಪದ ಮರ, ಊಟದ ಮೇಜಿನ ಸುತ್ತ ತಲೆಗಳು. ಹೊರಗೆ ನಮ್ಮ ಹೆಜ್ಜೆಯ ಸದ್ದು ಮಾತ್ರ.

ವಾಕ್ಸ್‌ಹಾಲ್ ದಾಟಿ ಥೇಮ್ಸ್ ನದಿಯ ದಂಡೆಗೆ ಬಂದೆವು. ಬಿಗ್ ಬೆನ್ ಗೋಪುರ ಆ ವರ್ಷ ದುರಸ್ತಿಗಾಗಿ ಸಾರವೆ ಕಟ್ಟಿಸಿಕೊಂಡು ನಿಂತಿತ್ತು. ಆಲ್ಬರ್ಟ್ ದಂಡೆಯ ಪುಟ್ಟ ತೋಟದಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು, 2015ರ ನವೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ನಾನೀಗ ಕಾಯಕದ ಮಾತು ತೆಗೆಯುತ್ತೇನೆಂದು ನೀವು ಕಾಯುತ್ತಿರಬಹುದು. ಅಲ್ಲಿ ನಡೆದ ಮಾತು ಬೇರೆ. ಕಲ್ಲುಬೆಂಚಿನ ಮೇಲೆ ಕೂತು ಅಕ್ಕ ಬೂಟಿನ ದಾರ ಬಿಗಿಯುತ್ತಿದ್ದಳು. ನಾನು ಅಮ್ಮನ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: 'ಮಾರ್ಚಿಯಲ್ಲಿ ಅವರು ಹೋದಾಗ ನಾನು ಐದು ವಾರ ಕೆಲಸಕ್ಕೆ ಹೋಗಲಿಲ್ಲ. ರಜೆ ಇದ್ದದ್ದು ಎರಡು ವಾರ. ಉಳಿದದ್ದನ್ನು ವಾರ್ಡಿನವರು ಹಂಚಿಕೊಂಡು ಮಾಡಿದರು. ಒಬ್ಬಳು ಫಿಲಿಪ್ಪೀನ್ಸ್‌ನವಳು, ಎರಡು ಚಿಕ್ಕ ಮಕ್ಕಳಿದ್ದಾರೆ, ನನ್ನ ಏಳು ರಾತ್ರಿ ಮಾಡಿದಳು. ಇವತ್ತು ರಾತ್ರಿ ಅವಳದ್ದು. ಅವಳು ಮಕ್ಕಳ ಜೊತೆ ಇರಲಿ.' ಸ್ವಲ್ಪ ತಡೆದು, 'ಅಮ್ಮನಿಗೆ ಬರುತ್ತೇನೆ ಅಂತ ಹೇಳು. ಯಾವಾಗ ಅಂತ ಹೇಳಬೇಡ' ಎಂದಳು.

ಅವಳನ್ನು ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ಹಿಂದಿರುಗುವಾಗ ದಾರಿ ತಪ್ಪಿದೆ. ಮನೆ ಸೇರಿದಾಗ ಹತ್ತು ಗಂಟೆ. ನಿದ್ದೆ ಬರಲಿಲ್ಲ. ಅಲ್ಲಿಯ ನಸುಕಿನ ನಾಲ್ಕು ಗಂಟೆ ಎಂದರೆ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ, ಗ್ರಹಣದ ಮಧ್ಯಕಾಲ. ನನ್ನ ಕಾಲಡಿಯ ಭೂಗೋಳದ ಆ ಬದಿಯಲ್ಲಿ ಕೊಡಗಿನ ಮೇಲೆ ಬೆಂಕಿಯ ಬಳೆ, ಈ ಬದಿಯಲ್ಲಿ ಬ್ರಿಕ್ಸ್‌ಟನ್ನಿನ ಕತ್ತಲೆ. ಸಹೋದ್ಯೋಗಿಗಳು ಕಳುಹಿಸಿದ ಚಿತ್ರಗಳನ್ನು ಫೋನಿನ ಅಂಗೈಯಗಲದ ಪರದೆಯಲ್ಲಿ ನೋಡಿದೆ. ಬೆಳಿಗ್ಗೆ ಅಕ್ಕ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿದೆವು. ಗ್ರಹಣ ಬಿಟ್ಟು, ಸ್ನಾನ ಮಾಡಿ, ಅಡುಗೆಯೂ ಆಗಿತ್ತು. ಪಾತ್ರೆಗಳಿಗೆ ದರ್ಭೆ ಹಾಕಿದ್ದೆನೆಂದು ಅಮ್ಮ ನನಗೆ ಕೇಳಿಸುವಂತೆ ಎರಡು ಸಲ ಹೇಳಿದರು. 'ಅವಳು ಬರುತ್ತಾಳಂತೆ' ಎಂದೆ. ರಾತ್ರಿ ಹ್ಯಾನಾ ಫ್ರೈಯವರ ಉಪನ್ಯಾಸ ನೋಡಲು ಕೂತೆವು. ವಿಷಯ ಅದೃಷ್ಟ ಮತ್ತು ಸಂಭವನೀಯತೆ. ಅಕ್ಕ ಹತ್ತೇ ನಿಮಿಷಕ್ಕೆ ಕುರ್ಚಿಯಲ್ಲೇ ನಿದ್ದೆ ಹೋದಳು.

ಮರುವರ್ಷದ ಡಿಸೆಂಬರಿಗೆ ಅವಳು ಟಿಕೆಟ್ ಮಾಡಿಸಿದ್ದಳು. 2020 ಎಂಥ ವರ್ಷವೆಂದು ನಿಮಗೆ ಹೇಳಬೇಕಾಗಿಲ್ಲ. ಆ ಕ್ರಿಸ್‌ಮಸ್‌ನಲ್ಲಿ ಲಂಡನ್ ಪೂರ್ತಿ ಮುಚ್ಚಿತ್ತು, ಅಲ್ಲಿಂದ ಭಾರತಕ್ಕೆ ಬರುವ ವಿಮಾನಗಳೂ ನಿಂತಿದ್ದವು. ಅವಳ ವಾರ್ಡು ಕೋವಿಡ್ ವಾರ್ಡಾಗಿತ್ತು. ಬ್ರಿಕ್ಸ್‌ಟನ್ನಿನಿಂದ ಅದೇ ದಾರಿಯಲ್ಲಿ ಒಬ್ಬಳೇ ನಡೆದು ಹೋಗಿರುತ್ತಾಳೆಂದು ನಾನು ಇಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದೆ: ಈಗ ವಾಕ್ಸ್‌ಹಾಲ್, ಈಗ ನದಿ.

ಅವಳು ಮೈಸೂರಿಗೆ ಬಂದದ್ದು 2022ರ ಏಪ್ರಿಲ್ ಕೊನೆಗೆ, ಮೂರು ವಾರದ ಮಟ್ಟಿಗೆ. ಹಿಂದಿರುಗುವ ಟಿಕೆಟ್ ಇಟ್ಟುಕೊಂಡೇ ಬಂದಿದ್ದಳು. ಅಮ್ಮ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಹೊರಡುವ ದಿನ ಚಟ್ನಿಪುಡಿಯ ಡಬ್ಬಿ ಕಟ್ಟಿಕೊಡುತ್ತ, 'ಅಲ್ಲಿ ಈಗಲೂ ನಾಲ್ಕು ಗಂಟೆಗೇ ಕತ್ತಲಾಗುತ್ತದೆಯೇ?' ಎಂದರು. 'ಇಲ್ಲಮ್ಮ, ಈಗ ರಾತ್ರಿ ಎಂಟೂವರೆವರೆಗೂ ಬೆಳಕಿರುತ್ತದೆ' ಎಂದು ಅಕ್ಕ ಹೇಳಿದಳು.